ಗೆರಟೆಯಲ್ಲಿ ಹೆಣ ಸುಡಲಿಕ್ಕಾಗುತ್ತದಾ ಎಂದು ನಕ್ಕವರಿಗೆ

ಕಳೆದ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಕಾಸರಗೋಡಿನ ಪೆರ್ಲದ ಹತ್ತಿರ ಒಂದು ಸಾವಿನ ಮನೆ. ಮೂರು ದಿನದಿಂದ ಬಿಡದ ಮಳೆ. ಐದು ಸೆಂಟ್ಸ್ ಜಾಗ, ಕಡಿಯಲಿಕ್ಕೆ ಒಂದು ಮಾವಿನ ಮರವೂ ಇಲ್ಲ. ಸಂಜೆ ನಾಲ್ಕಕ್ಕೆ ಬೆಂಕಿ ಕೊಟ್ಟೆವು, ಎಂಟೂವರೆಗೆ ಮುಗಿದಿತ್ತು. ಸೀಮೆಎಣ್ಣೆ ಇಲ್ಲ, ಟಯರ್ ಇಲ್ಲ. ಹನ್ನೆರಡು ಗೋಣಿ ಗೆರಟೆ, ಅಂದರೆ ತೆಂಗಿನ ಕರಟ, ಅಷ್ಟೆ. "ಗೆರಟೆಯಲ್ಲಿ ಮೀನು ಸುಡಬಹುದು ಅಕ್ಕ, ಮನುಷ್ಯರನ್ನಲ್ಲ" ಎಂದು ಹತ್ತು ವರ್ಷದ ಹಿಂದೆ ನಕ್ಕಿದ್ದ ಕಟ್ಟಿಗೆ ವ್ಯಾಪಾರಿ ಅಲ್ಲೇ ಕೊಡೆ ಹಿಡಿದು ನಿಂತಿದ್ದರು. ಸುಟ್ಟದ್ದು ಅವರ ಮಾವನನ್ನೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಕೊಬ್ಬರಿ ಅಂಗಡಿಯಿಂದ. ಕುಂಬಳೆ ಪೇಟೆಯಲ್ಲಿ ನನ್ನವರ ವ್ಯಾಪಾರ. 1997ರಲ್ಲಿ ಅವರು ಹೋದಾಗ ಬಿಳಿ ಬಟ್ಟೆ, ಮಡಕೆ, ಕರ್ಪೂರ, ದರ್ಭೆ ಹುಡುಕಿ ಮೈದುನ ನಾಲ್ಕು ಅಂಗಡಿ ಸುತ್ತಿದ. ಮರು ವರ್ಷ ಅಂಗಡಿಯ ಅರ್ಧ ಭಾಗದಲ್ಲಿ ಅದನ್ನೆಲ್ಲ ಒಂದೇ ಕಡೆ ಇಟ್ಟೆ. ಆರು ತಿಂಗಳಲ್ಲಿ ಕೊಬ್ಬರಿಯವರು ಬರುವುದನ್ನೇ ಬಿಟ್ಟರು. ಚಟ್ಟದ ಸಾಮಾನು ಮಾರುವ ಹೆಂಗಸಿನ ಮುಖ ಬೆಳಿಗ್ಗೆ ಬೆಳಿಗ್ಗೆ ಯಾರಿಗೆ ಬೇಕು!

ಆಮೇಲೆ ಗಲ್ಫ್ ಮಕ್ಕಳ ಸಮಸ್ಯೆ. ಮಗ ದುಬೈಯಿಂದ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಯುವವರೆಗೆ ಅಪ್ಪನನ್ನು ಇಡಬೇಕು. ಮೊದಮೊದಲು ಮೀನಿನ ಐಸು ತಂದು ಮರದ ಹುಡಿಯಲ್ಲಿ ಮುಚ್ಚಿ ಇಡುತ್ತಿದ್ದೆ. ಒಂದು ಮನೆಯಲ್ಲಿ ಬಂಗುಡೆ ವಾಸನೆ ಬಂದು ಸೊಸೆಯಂದಿರು ನನ್ನನ್ನು ಅಂಗಳದಲ್ಲೇ ಬೈದರು. ಬೈದದ್ದರಲ್ಲಿ ತಪ್ಪಿಲ್ಲ. 2005ರಲ್ಲಿ ಫ್ರೀಜರ್ ಪೆಟ್ಟಿಗೆ ತೆಗೆದುಕೊಂಡೆ, ಸುಮಾರು 65,000. ಬ್ಯಾಂಕಿನವರು ಕೊಡಲಿಲ್ಲ, ಕೇರಳದ ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯ ಗುಂಪಿನ ಸಾಲವೇ ಆಧಾರವಾಯಿತು. ಎರಡೇ ಮಳೆಗಾಲದಲ್ಲಿ ವೋಲ್ಟೇಜ್ ಏರಿಳಿದು ಕಂಪ್ರೆಸರ್ ಸುಟ್ಟಿತು. ಈಗ ಸ್ಟೆಬಿಲೈಸರ್ ಇಲ್ಲದೆ ಪೆಟ್ಟಿಗೆ ಪಿಕಪ್ ಹತ್ತುವುದೇ ಇಲ್ಲ.

ಇನ್ನು ಗೆರಟೆ. ಇದನ್ನು ನಾನು ಕಂಡುಹಿಡಿದದ್ದಲ್ಲ. ತೆಂಕಲಾಗಿ, ಕೇರಳದ ಕೆಲವು ಸ್ಮಶಾನಗಳಲ್ಲಿ 'ಚಿರಟ್ಟ' (ಮಲಯಾಳದಲ್ಲಿ ಗೆರಟೆ) ಹಾಕಿಯೇ ಸುಡುತ್ತಾರೆ. ಆದರೆ ಅಲ್ಲಿ ಕಟ್ಟಡ ಉಂಟು, ಚಿಮಣಿ ಉಂಟು. ನನಗೆ ಬೇಕಾದದ್ದು ಪಿಕಪ್‌ನಲ್ಲಿ ಹೋಗಿ ಹಿತ್ತಿಲಲ್ಲಿ ಕೂರುವಂಥದ್ದು. ಮಳೆಗಾಲದಲ್ಲಿ ಐನೂರು ಕಿಲೋ ಕಟ್ಟಿಗೆ, ಮರ ಕಡಿದು ಸಿಗಿದು ತರುವ ಕೂಲಿ ಸೇರಿ ಆಗಲೇ ಎಂಟು ಒಂಬತ್ತು ಸಾವಿರ ಆಗುತ್ತಿತ್ತು. ಅಷ್ಟಾಗಿಯೂ ಹಸಿ ಮಾವು ಉರಿಯುತ್ತಿರಲಿಲ್ಲ.

2014ರಲ್ಲಿ ಮೊದಲ ಪರೀಕ್ಷೆ, ಬಾಳೆದಿಂಡಿನ ಮೇಲೆ. ನಗಬೇಡಿ. ಹೆಣದಲ್ಲಿ ಇರುವುದೂ ಹೆಚ್ಚು ನೀರೇ, ದಿಂಡಿನಲ್ಲೂ ನೀರೇ. ಮೂರು ದಿಂಡು ಕಟ್ಟಿ ಇಟ್ಟು ಎಂಟು ಗೋಣಿ ಗೆರಟೆ ಸುರಿದೆ. ದಿಂಡು ಅರ್ಧ ಬೆಂದಿತು. ಅಷ್ಟಕ್ಕೇ ಧೈರ್ಯ ಬಂದು ಆ ಜುಲೈಯಲ್ಲಿ ಒಂದು ಮನೆಯವರನ್ನು ಒಪ್ಪಿಸಿಬಿಟ್ಟೆ. ಅಂದು ಆದ ಅವಮಾನ ಈಗಲೂ ಹೊಟ್ಟೆಯಲ್ಲಿದೆ. ರಾಶಿ ಹಾಕಿದ ಗೆರಟೆಯಲ್ಲಿ ಮೇಲಿನದು ಭಗ್ಗನೆ ಉರಿದು ಹೋಯಿತು, ಅಡಿಯದು ಗಾಳಿ ಸಿಗದೆ ಹೊಗೆಯಾಡುತ್ತಾ ಕೂತಿತು. ರಾತ್ರಿ ಹತ್ತಕ್ಕೆ ನೆರೆಮನೆಯ ಬಚ್ಚಲಿನ ಸೌದೆ ಬೇಡಿ ತಂದು ಮುಗಿಸಿದೆವು. ಹಣ ವಾಪಸು ಕೊಟ್ಟು, ಮೇಲೆ ಸೌದೆಯ ಹಣವನ್ನೂ ಕೊಟ್ಟು ಬಂದೆ. ಹೆಂಗಸರು ಸ್ಮಶಾನಕ್ಕೆ ಬಂದರೆ ಹೀಗೇ ಎಂದವರೂ ಇದ್ದರು.

ದಾರಿ ಸಿಕ್ಕಿದ್ದು ಸ್ಮಶಾನದಲ್ಲಲ್ಲ. ಪರಿಚಯದವರೊಬ್ಬರ ಮನೆಯಲ್ಲಿ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರವಾದ ಸಿಪಿಸಿಆರ್‌ಐ ಮಾದರಿಯ ಕೊಬ್ಬರಿ ಡ್ರೈಯರ್ ಇತ್ತು. ಅದರ ಒಲೆಯಲ್ಲಿ ಗೆರಟೆ ಸುರಿಯುವುದಿಲ್ಲ, ಒಂದರೊಳಗೊಂದು ಕೂರಿಸಿ ಸಾಲು ಇಡುತ್ತಾರೆ. ಒಂದು ತುದಿಗೆ ಬೆಂಕಿ ಕೊಟ್ಟರೆ ನಾಲ್ಕೈದು ಗಂಟೆ ತಾನೇ ನಡೆದುಕೊಂಡು ಹೋಗುತ್ತದೆ, ಹೊಗೆಯೂ ಕಡಿಮೆ. ಅಂಗಡಿಯಲ್ಲಿ ಇಪ್ಪತ್ತು ವರ್ಷ ಗೆರಟೆ ತೂಗಿದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಆದರೆ ನನಗೆ ಬೇಕಾದದ್ದು ಕೊಬ್ಬರಿ ಒಣಗಿಸುವ ಶಾಖವಲ್ಲ. ಹಾಗಾಗಿ ಅಡಿಯಲ್ಲಿ ಸಾಲು ಗೆರಟೆ, ಬದಿಗಳಲ್ಲಿ ಸಡಿಲ ಗೆರಟೆ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಹೆಣ ಮಲಗಿಸುವ ಕಬ್ಬಿಣದ ತೊಟ್ಟಿಲು. ಮೊದಲ ತೊಟ್ಟಿಲಿಗೆ ಮನೆ ಕಟ್ಟುವ ಕಂಬಿ ಹಾಕಿಸಿದ್ದೆ. ಎರಡನೆಯ ಹೆಣಕ್ಕೇ ಅದು ಕೆಂಪಾಗಿ ಬಾಗಿ ಜೋಲಿಯಾಯಿತು, 14,000 ರೂಪಾಯಿ ಗುಜರಿಗೆ ಹೋಯಿತು. ಈಗಿರುವುದು ಹಳೆ ಲಾರಿಯ ಚಾಸಿಸ್ ತುಂಡಿನದ್ದು. ನಾಲ್ಕು ಭಾಗ, ಹದಿನಾರು ಬೋಲ್ಟು, ಮೇಲೆ ಮಡಚುವ ತಗಡಿನ ಸೂರು. ಎಲ್ಲ ಸೇರಿ 70,000ದ ಹತ್ತಿರ ಬಿತ್ತು. ಹೆಣದ ತಲೆ ತೆಂಕಕ್ಕೇ ಇರಬೇಕು, ಅದನ್ನು ತಿರುಗಿಸಲಿಕ್ಕೆ ಯಾರೂ ಬಿಡುವುದಿಲ್ಲ. ಮಳೆಗಾಲದ ಗಾಳಿಯೋ ಪಡುವಣದ್ದು. ಅದಕ್ಕೆ ಪಡುಬದಿಯ ತಗಡಿನಲ್ಲಿ ಸರಿಸುವ ಬಾಗಿಲು ಮಾಡಿಸಿದೆ. ಬೆಂಕಿ ಜೋರಾದರೆ ನಾಲ್ಕು ಬೆರಳು ಮುಚ್ಚು, ಮಂಕಾದರೆ ತೆರೆ. ಕೊನೆಗೆ ಸುಡದೆ ಉಳಿಯುವುದು ಸೊಂಟ ಎಂದು ಈ ಕೆಲಸದವರಿಗೆ ಗೊತ್ತೇ ಇದೆ. ಅದಕ್ಕೆ ಅಡಿಯ ಸಾಲನ್ನು ನಾನು ಹೇಗೆ ಬದಲಿಸುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನ.

ನಡುವೆ ಒಂದು ಮೂರ್ಖ ಕೆಲಸವನ್ನೂ ಮಾಡಿದೆ. ಅಗ್ಗಕ್ಕೆ ಸಿಕ್ಕಿತೆಂದು ಎರಡು ಗೋಣಿ ಗೇರುಬೀಜದ ಸಿಪ್ಪೆ ಹಾಕಿದೆ. ಉರಿ ಏನೋ ರಾಕ್ಷಸನದ್ದೇ. ಹೊಗೆ ಮಾತ್ರ ಡಾಂಬರು! ಸಿಪ್ಪೆಯ ಎಣ್ಣೆ ತಾಗಿ ಜೊತೆಗಿದ್ದ ಕೆಲಸದ ಹುಡುಗನ ಮುಂಗೈಯಲ್ಲಿ ಗುಳ್ಳೆ ಎದ್ದಿತು. ಅಡಿಕೆ ಸಿಪ್ಪೆಯನ್ನೂ ನೋಡಿದೆ, ಸೊಳ್ಳೆ ಓಡಿಸಲಿಕ್ಕೆ ಒಳ್ಳೆಯದು.

"ಮಾವಿನ ಕಟ್ಟಿಗೆ ಇಲ್ಲದೆ ಹೇಗಮ್ಮ?" ಎಂದು ಭಟ್ಟರು ಕೇಳಿದ್ದರು. ಶಾಸ್ತ್ರಕ್ಕೆ ಮಾತ್ರ ಒಣಗಿಸಿಟ್ಟ ಐದು ಮಾವಿನ ಸೀಳು ಮೇಲಿಡುತ್ತೇನೆ, ಅವರೂ ಒಪ್ಪಿದರು. ಮೂಳೆ ಆಯುವಾಗ ಇದ್ದಿಲು ಬೆರೆಯುತ್ತದೆ ಎಂಬ ತಕರಾರು ತೊಟ್ಟಿಲಿನ ಸರಳಿನ ಅಂತರ ಕಿರಿದು ಮಾಡಿದ ಮೇಲೆ ನಿಂತಿತು. ಬೂದಿ ಕೆಳಗೆ ಬೀಳುತ್ತದೆ, ಮೂಳೆ ಮೇಲೆಯೇ ಉಳಿಯುತ್ತದೆ.

2016ರಿಂದ ಈವರೆಗೆ ಮುನ್ನೂರು ದಾಟಿರಬೇಕು, ಲೆಕ್ಕದ ಪುಸ್ತಕ ಸೊಸೆಯ ಹತ್ತಿರ ಉಂಟು. ಆಗ ಕಿಲೋಗೆ ಏಳೆಂಟು ರೂಪಾಯಿ ಇದ್ದ ಗೆರಟೆ, ಇದ್ದಿಲಿನ ಕಾರ್ಖಾನೆಗಳಿಗೆ ಹೋಗಲು ತೊಡಗಿ, ತೆಂಗಿಗೆ ಬೆಲೆ ಬಂದ ಮೇಲಂತೂ ಎರಡು ಪಟ್ಟು ದಾಟಿತು. ಈಗ ಬೇಸಗೆಯಲ್ಲೇ ಮನೆಮನೆಯಿಂದ ಕೊಂಡು ಅಟ್ಟ ತುಂಬಿಸುತ್ತೇನೆ. ಒದ್ದೆ ಗೆರಟೆ ಒಂದು ಗೋಣಿ ಸೇರಿದರೂ ಕೆಲಸ ಕೆಡುತ್ತದೆ. ಗ್ಯಾಸಿನಲ್ಲಿ ಸುಡುವ ಹಾಗೆ ಮಾಡೋಣ ಎಂದು ಮಗ ಹಟ ಹಿಡಿದಿದ್ದಾನೆ. ಮಾಡಲಿ, ಅವನ ಹಣದಲ್ಲಿ.

ತೊಟ್ಟಿಲಿನ ಅಳತೆ ಬೇಕಾದವರು ಅಂಗಡಿಗೆ ಬನ್ನಿ, ಟೇಪು ಹಿಡಿದು ತೋರಿಸುತ್ತೇನೆ. ಉರಿಯುವುದನ್ನು ನೋಡಬೇಕಾದರೆ ಆಟಿಯಲ್ಲಿ ಬನ್ನಿ. ಬೇಸಗೆಯಲ್ಲಿ ಯಾರು ಬೇಕಾದರೂ ಸುಡುತ್ತಾರೆ.