ಹಳೆ ಎಟಿವಿಗೆ ಇಂಜಿನ್ ಪಾರ್ಟ್ ಹುಡುಕೋದು ಹೇಗೆ: ನನ್ನ ಅನುಭವ

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಅಲ್ಲಿ ಒಂದು ಹಳೆಯ 110 ಸಿಸಿ ಎಟಿವಿ (ಬೈಕಿನಂತೆ ಕೂತು ಓಡಿಸುವ, ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ) ಇದೆ. ಚೀನಾದಲ್ಲಿ ತಯಾರಾಗಿ, ಇಲ್ಲಿ ಯಾರೋ ತಮ್ಮ ಹೆಸರಿನ ಸ್ಟಿಕ್ಕರ್ ಅಂಟಿಸಿ ಮಾರಿದ ಗಾಡಿ. ಔಷಧಿ ಹೊಡೆಯುವ ಪಂಪು, ಗೊಬ್ಬರ, ಮೆಣಸಿನ ಚೀಲ ಎಲ್ಲ ಅದರ ಮೇಲೇ ಹೋಗುತ್ತದೆ. ಜೀಪು ಇಳಿಯದ ಕಡೆಗೂ ಇಳಿಯುತ್ತದೆ. ಮಾರಿದವರು ಈಗ ಆ ವ್ಯಾಪಾರದಲ್ಲೇ ಇಲ್ಲ. ನೀಲಿ ಹೊಗೆ ಶುರುವಾಗಿ ಏರಿನಲ್ಲಿ ಎಳೆಯದೇ ಹೋದಾಗ ಕೇಳಿದ ಕಡೆಯೆಲ್ಲ ಒಂದೇ ಉತ್ತರ: "ಇದಕ್ಕೆ ಪಾರ್ಟ್ ಬರಲ್ಲ ಸಾರ್, ಗುಜರಿಗೆ ಹಾಕಿಬಿಡಿ." ನನಗದು ಒಪ್ಪಿಗೆಯಾಗಲಿಲ್ಲ. ಪಿಸ್ಟನ್ನಿನ ಒಂದು ರಿಂಗ್ ಸೆಟ್ ಸಿಗಲಿಲ್ಲ ಅಂತ ಇಡೀ ಗಾಡಿಯನ್ನು ತೂಕಕ್ಕೆ ಹಾಕೋದು ಸರಿಯಲ್ಲ, ಅಲ್ವಾ?

ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಿ ಪಾರ್ಟ್ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸ್ಟಿಕ್ಕರ್ ಬಿಟ್ಟುಬಿಡಿ. ಬೇಕಾಗಿರೋದು ಇಂಜಿನ್ ನಂಬರ್. ಈ ಮಲಗಿದ (ಸಿಲಿಂಡರ್ ಅಡ್ಡಲಾಗಿರುವ) ಇಂಜಿನ್‌ಗಳಲ್ಲಿ ಅದು ಸಾಮಾನ್ಯವಾಗಿ ಎಡಗಡೆ, ಕ್ರ್ಯಾಂಕ್‌ಕೇಸಿನ (ಇಂಜಿನ್ನಿನ ಮುಖ್ಯ ಗೂಡಿನ) ಕೆಳ ಅಂಚಿನಲ್ಲಿ ಇರುತ್ತದೆ. ಆಯಿಲು ಮಣ್ಣು ಸೇರಿ ಗಟ್ಟಿ ಕಟ್ಟಿರೋದರಿಂದ ಸುಮ್ನೆ ಬಗ್ಗಿ ನೋಡಿದರೆ ಕಾಣಲ್ಲ. ಡೀಸೆಲ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ವೈರ್ ಬ್ರಷ್ಷಿನಲ್ಲಿ ಉಜ್ಜಿ, ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ ಹಿಡಿದೆ. ಆಗ ಅಕ್ಷರಗಳ ನೆರಳು ಬಿದ್ದು ಓದೋಕೆ ಬಂತು: 1ಪಿ52ಎಫ್‌ಎಂಹೆಚ್.

ಈ ನಂಬರಿನಲ್ಲೇ ಅರ್ಧ ಉತ್ತರ ಇದೆ. 1 ಅಂದರೆ ಒಂದೇ ಸಿಲಿಂಡರ್, ಪಿ ಅಂದರೆ ಮಲಗಿದ ಇಂಜಿನ್, 52 ಅಂದರೆ ಬೋರಿನ (ಸಿಲಿಂಡರಿನ ಒಳ ಅಗಲದ) ಅಳತೆ ಮಿಲಿಮೀಟರಿನಲ್ಲಿ, ಎಫ್ ಅಂದರೆ ಗಾಳಿಯಿಂದ ತಣ್ಣಗಾಗೋದು, ಎಂ ಅಂದರೆ ಮೋಟರ್‌ಸೈಕಲ್ ಜಾತಿ, ಕೊನೆಯ ಹೆಚ್ 110 ಸಿಸಿ ಆಸುಪಾಸಿನ ವರ್ಗ. ನಿಮ್ಮದರಲ್ಲಿ 39 ಇದ್ದರೆ ಅದು 50 ಸಿಸಿ, 47 ಇದ್ದರೆ ಸಾಮಾನ್ಯವಾಗಿ 70 ಸಿಸಿ. ಪುಟ್ಟ ಎಟಿವಿಗಳಲ್ಲಿ ಹೆಚ್ಚಾಗಿ ಇವೇ ಇರುತ್ತವೆ.

ಇವೆಲ್ಲ ಜಪಾನಿನ ಹೋಂಡಾ ಕಬ್ ಬೈಕಿನ ವಂಶದ ಇಂಜಿನ್‌ಗಳು. ಸೂಪರ್ ಕಬ್ ಬಂದಿದ್ದು 1958ರಲ್ಲಿ, 2017ರ ಹೊತ್ತಿಗೆ ಹತ್ತು ಕೋಟಿ ತಯಾರಾಗಿತ್ತು. ನಮ್ಮ ಊರುಗಳಲ್ಲಿ 1985ರಿಂದ ಓಡಾಡಿದ ಹೀರೋ ಹೋಂಡಾ ಸಿಡಿ 100 ಕೂಡ ಇದೇ ಮನೆತನದ್ದು. ಅದರ ಬೋರ್ 50, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 49.5 ಮಿ.ಮೀ., ಒಟ್ಟು 97.2 ಸಿಸಿ. ನಮ್ಮ 110ರದ್ದು ಬೋರ್ 52.4, ಸ್ಟ್ರೋಕ್ ಅದೇ 49.5, ಲೆಕ್ಕ ಹಾಕಿದರೆ 106.7 ಸಿಸಿ. ಹಾಗಂತ ಸಿಡಿ 100ರ ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ತಂದು ಇದಕ್ಕೆ ಕೂರಿಸಿಬಿಡಬಹುದು ಅಂತ ಅಂದುಕೊಳ್ಳಬೇಡಿ. ಆದರೆ ಸಿಡಿ 100 ಬಿಚ್ಚಿ ಕಟ್ಟಿದ ಹಳೆಯ ಮೇಸ್ತ್ರಿಗೆ ಇದರ ಒಳಗೆ ಹೊಸದೇನೂ ಕಾಣಿಸಲ್ಲ. ನಾನು ಅಂಥವರನ್ನೇ ಹುಡುಕಿಕೊಂಡು ಹೋದೆ, ಕೆಲಸ ಅಲ್ಲಿಂದ ಸಲೀಸಾಯಿತು.

ಪಾರ್ಟ್ ತರೋ ಮೊದಲು ಯಾವುದು ಹೋಗಿದೆ ಅಂತ ಖಚಿತ ಮಾಡಿಕೊಳ್ಳಬೇಕು. ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮೀಟರ್) ಹಾಕಿ ಸೆಲ್ಫ್ ಹೊಡೆದು ನೋಡಿದೆವು, ಕಡಿಮೆ ಬಂತು. ಆಮೇಲೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಮುಳ್ಳು ಮೇಲೇರಿತು. ಹಾಗೆ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ ಅಂತ. ಏರದಿದ್ದರೆ ಅನುಮಾನ ವಾಲ್ವ್ ಮೇಲೆ. ಹೆಡ್ (ವಾಲ್ವ್‌ಗಳು ಕೂತಿರುವ, ಸಿಲಿಂಡರಿನ ಮುಚ್ಚಳ) ಬಿಚ್ಚಿದ ಮೇಲೆ ಅದನ್ನೂ ನೋಡಿದೆವು. ಪೋರ್ಟಿಗೆ ಪೆಟ್ರೋಲ್ ತುಂಬಿಸಿ ಇಟ್ಟರೆ ವಾಲ್ವ್ ಅಂಚಿನಲ್ಲಿ ಒಸರಬಾರದು. ನಮ್ಮದು ಒಸರಲಿಲ್ಲ, ಹಾಗಾಗಿ ಹೊಸ ಹೆಡ್ಡಿನ ಖರ್ಚು ಉಳಿಯಿತು.

ಈಗ ಅಳತೆಯ ವಿಷಯ, ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. 110ಕ್ಕೂ 125ಕ್ಕೂ ಬ್ಲಾಕ್ ಫೋಟೋದಲ್ಲಿ ಒಂದೇ ಥರ ಕಾಣುತ್ತದೆ. ಅದಕ್ಕೇ ನಾನು ಬೋರ್ ಒಂದನ್ನೇ ಅಳೆಯಲಿಲ್ಲ. ಬ್ಲಾಕಿನ ಎತ್ತರ, ಕ್ರ್ಯಾಂಕ್‌ಕೇಸಿನ ಒಳಗೆ ಕೂರುವ ಕೊಳವೆಯ ಹೊರ ಅಳತೆ, ಸ್ಟಡ್ ತೂತುಗಳ ನಡುವಿನ ಅಂತರ, ಪಿಸ್ಟನ್ ಪಿನ್ನಿನ ದಪ್ಪ, ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ, ಎಲ್ಲವನ್ನೂ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಇಟ್ಟು ಅಳೆದು ಬರೆದುಕೊಂಡೆ. ವಾಲ್ವ್‌ಗಳನ್ನು ನಡೆಸುವ ಟೈಮಿಂಗ್ ಚೈನ್ 25ಹೆಚ್ ಅಂತ ಇರುತ್ತದೆ, ಆದರೆ ಲಿಂಕ್ ಎಷ್ಟು ಅನ್ನೋದು ಇಂಜಿನ್‌ನಿಂದ ಇಂಜಿನ್‌ಗೆ ಬೇರೆ. ಹಳೆ ಚೈನಿನ ಮೇಲೆ ಪೇಂಟ್ ಚುಕ್ಕೆ ಇಟ್ಟು ಅಲ್ಲಿಂದ ಲಿಂಕ್ ಎಣಿಸಿ.

ಬೇರಿಂಗ್ ಮತ್ತು ಆಯಿಲ್ ಸೀಲಿಗೆ ಎಟಿವಿ ಅಂಗಡಿಯೇ ಬೇಕಾಗಿಲ್ಲ. ಬೇರಿಂಗಿನ ಪಕ್ಕದಲ್ಲೇ ನಂಬರ್ ಇರುತ್ತದೆ. ಉದಾಹರಣೆಗೆ 6203 ಅಂದರೆ ಒಳಗೆ 17, ಹೊರಗೆ 40, ದಪ್ಪ 12 ಮಿ.ಮೀ. ಅದು ಜಗತ್ತಿನಲ್ಲಿ ಎಲ್ಲಿ ಕೊಂಡರೂ ಅಷ್ಟೇ. ಸೀಲಿನ ಮೇಲೂ ಒಳ, ಹೊರ, ದಪ್ಪ ಅಂತ ಮೂರು ಅಳತೆ ಅಚ್ಚಾಗಿರುತ್ತದೆ. ಪಂಪ್‌ಸೆಟ್ ಸಾಮಾನು ಮಾರುವ ಅಂಗಡಿಯಲ್ಲೂ ಇವು ಸಿಗುತ್ತವೆ. ಪ್ಲಗ್ ಮೇಲೆ ಎ7ಟಿಸಿ ಅಂತಿದ್ದರೆ ಎನ್‌ಜಿಕೆ ಕಂಪನಿಯ ಸಿ7ಹೆಚ್‌ಎಸ್‌ಎ ಕೇಳಿ, ಸಾಕು.

ಪಿಸ್ಟನ್ನಿಗಾಗಿ, ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆಸಿ ರಸ್ತೆಗೆ ಹೋದೆ. ಹಳೆ ಪಾರ್ಟ್ ಚೀಲದಲ್ಲಿ, ಅಳತೆ ಬರೆದ ಹಾಳೆ ಜೇಬಿನಲ್ಲಿ. "ಯಾವ ಗಾಡಿ?" ಅಂದರೆ ಗಾಡಿ ಹೆಸರು ಹೇಳದೆ ಪಿಸ್ಟನ್ನನ್ನೇ ಮೇಜಿನ ಮೇಲೆ ಇಡುತ್ತಿದ್ದೆ. ಹೀಗೆ ಮಾಡಿದ ಕಡೆ ಅಂಗಡಿಯವರೂ ಆಸಕ್ತಿಯಿಂದ ವರ್ನಿಯರ್ ತೆಗೆದು ಒಳಗಿಂದ ಡಬ್ಬಗಳನ್ನು ತಂದು ಹೋಲಿಸಿ ನೋಡಿದರು. ಪ್ಯಾಕಿಂಗ್ ಸೆಟ್ಟು, ಚೈನು ಅಲ್ಲೇ ಸಿಕ್ಕಿತು. ಪೂರ್ತಿ ಬ್ಲಾಕ್ ಪಿಸ್ಟನ್ ಕಿಟ್ ಮಾತ್ರ ಆನ್‌ಲೈನ್‌ನಲ್ಲಿ ತರಿಸಬೇಕಾಯಿತು. ಮೊದಲೆಲ್ಲ ಚೀನಾದಿಂದ ನೇರವಾಗಿ ತರಿಸೋರು ಜಾಸ್ತಿ ಇದ್ದರು. 2020ರ ನವೆಂಬರ್‌ನಲ್ಲಿ ಚೀನಾದ ಆನ್‌ಲೈನ್ ಮಾರುಕಟ್ಟೆ ಅಲಿಎಕ್ಸ್‌ಪ್ರೆಸ್ ಇಲ್ಲಿ ನಿಷೇಧವಾದ ಮೇಲೆ ಒಳದೇಶದ ಮಾರಾಟಗಾರರೇ ಗತಿ. ದುಡ್ಡು ಕಳಿಸೋ ಮೊದಲು ಅವರ ಹತ್ತಿರ ಇರುವ ಬ್ಲಾಕಿನ ಮೇಲೆ ವರ್ನಿಯರ್ ಇಟ್ಟು ಫೋಟೋ ಕಳಿಸಿ ಅಂತ ಕೇಳಿದೆ. ಒಬ್ಬರು "ಎಲ್ಲಾ 110ಕ್ಕೂ ಆಗುತ್ತೆ, ತಗೊಳ್ಳಿ" ಅಂದರು, ಅವರನ್ನು ಬಿಟ್ಟೆ. ಇನ್ನೊಬ್ಬರು ಸಂಜೆಯೊಳಗೆ ಅಳತೆ ಸಮೇತ ಕಳಿಸಿದರು, ಅವರಿಂದಲೇ ತರಿಸಿದೆ.

ಕಿಟ್ ಸಿಗದಿದ್ದರೂ ದಾರಿ ಇದೆ. ಓವರ್‌ಸೈಜ್ ಪಿಸ್ಟನ್ ಸಿಕ್ಕರೆ ಲೇತ್‌ನವರ ಹತ್ತಿರ ಬೋರ್ ಮಾಡಿಸಬಹುದು (ಸಿಲಿಂಡರನ್ನು ಕೊರೆದು ಅಗಲ ಮಾಡಿಸೋದು), ತೀರಾ ಸವೆದಿದ್ದರೆ ಹೊಸ ಸ್ಲೀವ್ (ಸಿಲಿಂಡರಿನ ಒಳಗೋಡೆಯ ಕೊಳವೆ) ಹಾಕಿಸಬಹುದು. ಆದರೆ ಪಿಸ್ಟನ್ ಕೈಗೆ ಬರೋವರೆಗೂ ಬೋರ್ ಮಾಡಿಸಬೇಡಿ. ಒಳ್ಳೆಯ ಲೇತ್‌ನವರು ಪಿಸ್ಟನ್ ಅಳೆದು ಅದಕ್ಕೆ ತಕ್ಕ ಹಾಗೆ ಬೋರ್ ಮಾಡುತ್ತಾರೆ.

ಕೂರಿಸುವಾಗ ನಾನು ಬಿಡದೆ ನೋಡಿದ್ದು ರಿಂಗ್ ಗ್ಯಾಪು. ರಿಂಗನ್ನು ಬರೀ ಬ್ಲಾಕಿನೊಳಗೆ ಬಿಟ್ಟು, ಪಿಸ್ಟನ್ ತಲೆಯಿಂದ ಮೆಲ್ಲಗೆ ನೂಕಿ ನೇರ ಮಾಡಿ, ಎರಡು ತುದಿಗಳ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡೋದು. ಈ ಇಂಜಿನ್‌ಗಳಿಗೆ 0.15ರಿಂದ 0.35 ಮಿ.ಮೀ. ಒಳಗಿದ್ದರೆ ಚೆನ್ನ. ಹೊಸ ಡಬ್ಬದಿಂದ ಬಂದಿದ್ದು ಅಂತ ನಂಬಿ ಹಾಗೇ ಹಾಕೋದು ಬೇಡ. ಪಿಸ್ಟನ್ ಮೇಲಿನ 'ಇನ್' ಗುರುತು ಕಾರ್ಬ್ಯುರೇಟರ್ ಕಡೆಗಿರಲಿ. ಮ್ಯಾಗ್ನೆಟ್ಟಿನ 'ಟಿ' ಗುರುತನ್ನು ಕ್ರ್ಯಾಂಕ್‌ಕೇಸಿನ ಗುರುತಿಗೆ ಕೂಡಿಸಿಕೊಂಡು ಟೈಮಿಂಗ್ ಚೈನ್ ಹಾಕಿ, ವಾಲ್ವ್ ಗ್ಯಾಪ್ ತಣ್ಣಗಿದ್ದಾಗ 0.05 ಮಿ.ಮೀ.ಗೆ ಇಡಿ.

ಇನ್ನು ಸುಲಭವಾಗಿ ಸಿಗದೇ ಇರೋದು ರಿವರ್ಸ್ ಗೇರಿನ ಸಾಮಾನು. ಅದು ಬೈಕಿನ ಇಂಜಿನ್‌ನಲ್ಲಿ ಇರೋದೇ ಇಲ್ಲ, ಹಾಗಾಗಿ ಜೆಸಿ ರಸ್ತೆಯಲ್ಲಿ ಎಷ್ಟು ತಿರುಗಿದರೂ ಪ್ರಯೋಜನವಿಲ್ಲ. ಅದಕ್ಕೆ ನಾನು ರೆಸಾರ್ಟ್‌ಗಳವರನ್ನು ಕೇಳುತ್ತಿರುತ್ತೇನೆ. ಅತಿಥಿಗಳಿಗೆ ಓಡಿಸೋಕೆ ಕೊಟ್ಟು ಹಾಳಾಗಿ ಮೂಲೆ ಸೇರಿದ ಎಟಿವಿಗಳು ಅವರ ಹಿತ್ತಲಲ್ಲಿ ಇರುತ್ತವೆ. ಇಂಜಿನ್ ನಂಬರ್ ಒಂದೇ ಆಗಿದ್ದು, ಕೈಯಲ್ಲಿ ತಳ್ಳಿ ನೋಡಿದಾಗ ಗೇರು ಮುಂದಕ್ಕೂ ಹಿಂದಕ್ಕೂ ಬೀಳುತ್ತಿದ್ದರೆ, ಬಾಡಿ ಎಷ್ಟೇ ತುಕ್ಕು ಹಿಡಿದಿರಲಿ, ಗುಜರಿಯವನು ಬರೋ ಮೊದಲು ನೀವು ತೆಗೆದುಕೊಳ್ಳಿ.