ಮೂರು ವಾರ ತಪ್ಪಿಸಿದವರು ಎಲ್ಲಿ ಕೂರಬೇಕು?

ವ್ಯಸನದಿಂದ ಹೊರಬರುತ್ತಿರುವವರಿಗಾಗಿ ನಾನು ಕಲಾ ಕೂಟಗಳನ್ನು ನಡೆಸುತ್ತೇನೆ. ಮೊದಲು ಮಾಡಿಸಿದ್ದು ನಾಟಕ. 14 ಪಾತ್ರ, 12 ವಾರದ ತಾಲೀಮು. ಕುಡಿತ ಅಥವಾ ಬೇರೆ ಅಮಲು ಬಿಟ್ಟು ಚೇತರಿಸಿಕೊಳ್ಳುತ್ತಿದ್ದವರೇ ಎಲ್ಲ ಪಾತ್ರ ಮಾಡುತ್ತಿದ್ದರು. 10ನೇ ವಾರ ಮುಖ್ಯ ಪಾತ್ರದವರು ಬರಲಿಲ್ಲ. ಫೋನ್ ಸ್ವಿಚ್ ಆಫ್. ಮತ್ತೆ ಕುಡಿಯಲು ಶುರು ಮಾಡಿದ್ದಾರೆ ಅಂತ ಎರಡು ದಿನ ಬಿಟ್ಟು ಗೊತ್ತಾಯಿತು. ನಿಜ ಹೇಳಬೇಕೆಂದರೆ ಆಗ ನನಗೆ ಚಿಂತೆಗಿಂತ ಮೊದಲು ಬಂದದ್ದು ಸಿಟ್ಟು. ಇಷ್ಟು ದೂರ ಬಂದು ಕೈಕೊಟ್ಟರಲ್ಲ ಅಂತ. ಆ ಪಾತ್ರವನ್ನು ಇನ್ನೊಬ್ಬರಿಗೆ ಕೊಟ್ಟು, ರಾತ್ರಿಯೆಲ್ಲಾ ಕೂತು ಮಾತು ಬಾಯಿಪಾಠ ಮಾಡಿಸಿ, ಪ್ರದರ್ಶನ ಮುಗಿಸಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಒಂದು ವರ್ಷದ ಮೇಲೆ ಆ ಮನುಷ್ಯ ಸಿಕ್ಕಿದಾಗ ಒಂದು ವಿಷಯ ಹೇಳಿದರು. ಪ್ರದರ್ಶನದ ದಿನ ಅವರು ಬಂದಿದ್ದರಂತೆ. ಬಾಗಿಲ ಬಳಿ ನಿಂತು ನೋಡಿದರೆ, ತಮ್ಮ ಅಂಗಿ ಬೇರೆಯವರ ಮೈಮೇಲಿತ್ತು. ಹಾಗೇ ಹಿಂದಿರುಗಿ ಹೋದರಂತೆ. ಅವರು ದೂರಿದ್ದೇನೂ ಅಲ್ಲ, ಸುಮ್ನೆ ಹೇಳಿದರು. ನನಗೆ ಮಾತ್ರ ಅವತ್ತಿನಿಂದ ಆ ಚಪ್ಪಾಳೆ ನೆನಪಾದರೆ ಮುಜುಗರ.

ನಾನು ಬಂದದ್ದು ರಂಗಭೂಮಿಯಿಂದ. ಅಲ್ಲಿ ತಾಲೀಮು ತಪ್ಪಿಸುವುದೆಂದರೆ ದೊಡ್ಡ ಅಪರಾಧ. ಆದರೆ ವ್ಯಸನದ ವಿಷಯದಲ್ಲಿ ಮತ್ತೆ ಜಾರುವುದು ತೀರಾ ಸಾಮಾನ್ಯ. ಚಿಕಿತ್ಸೆ ಪಡೆದವರಲ್ಲಿ 40ರಿಂದ 60 ಶೇಕಡಾ ಜನ ಮತ್ತೆ ಜಾರುತ್ತಾರೆ, ಇದು ಅಧಿಕ ರಕ್ತದೊತ್ತಡ, ಆಸ್ತಮಾ ಇದ್ದವರು ಮತ್ತೆ ಹದಗೆಡುವ ಪ್ರಮಾಣದ ಆಸುಪಾಸಿನಲ್ಲೇ ಇದೆ ಅಂತ ಅಮೆರಿಕದ ರಾಷ್ಟ್ರೀಯ ಮಾದಕವ್ಯಸನ ಸಂಸ್ಥೆ ಹೇಳುತ್ತದೆ. ಬಿಪಿ ಏರಿತು ಅಂತ ಯಾರನ್ನೂ ತಂಡದಿಂದ ತೆಗೆಯುವುದಿಲ್ಲ, ಅಲ್ವಾ? 14 ಜನರಲ್ಲಿ ಕೆಲವರಾದರೂ ಮಧ್ಯೆ ಕಾಣೆಯಾಗುತ್ತಾರೆ ಅಂತ ನಾನು ಮೊದಲ ದಿನವೇ ಲೆಕ್ಕ ಹಾಕಬೇಕಿತ್ತು. ಹಾಕಿರಲಿಲ್ಲ. ಯಾರೂ ತಪ್ಪಿಸಬಾರದು ಅನ್ನುವ ಹಾಗೆ ಕಟ್ಟಿದ ನಾಟಕ ಅದು. ತಪ್ಪು ಅಲ್ಲೇ ಇತ್ತು.

ಅದಾದ ಮೇಲೆ ಯಾವುದೇ ಕಾರ್ಯಕ್ರಮ ಯೋಜಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಮೂರು ವಾರ ತಪ್ಪಿಸಿದವರು ಇವತ್ತು ಬಂದರೆ ಎಲ್ಲಿ ಕೂರುತ್ತಾರೆ, ಕೈಗೆ ಏನು ತಗೊಳ್ಳುತ್ತಾರೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಆ ಯೋಜನೆ ಬೇಡ. ಪ್ರತಿ ಕೂಟದ ಕೆಲಸ ಆ ಎರಡು ಗಂಟೆಯಲ್ಲೇ ಒಂದು ಹಂತಕ್ಕೆ ಮುಗಿಯಬೇಕು. ಗೋಡೆ ತುಂಬುವ ಚಿತ್ರವನ್ನೂ ಚಿಕ್ಕ ಚಿಕ್ಕ ಹಲಗೆಗಳಾಗಿ ಒಡೆದು ಮಾಡುತ್ತೇವೆ. ಒಬ್ಬರು ಮೂರು ಹಲಗೆ ಮಾಡಲಿ, ಇನ್ನೊಬ್ಬರು ಒಂದೇ ಮಾಡಲಿ, ಗೋಡೆ ತುಂಬುತ್ತದೆ. ಒಟ್ಟಾಗಿ ಹಾಡುವುದು, ಡೋಲು ಬಡಿಯುವುದು ಇನ್ನೂ ಒಳ್ಳೆಯದು. ಬಂದವರು ಸಾಲಿನಲ್ಲಿ ನಿಂತು ಸೇರಿಕೊಂಡರೆ ಆಯಿತು. "ಎಲ್ಲಿಗೆ ಹೋಗಿದ್ರಿ?" ಅಂತ ಕೇಳಬಾರದು ಅನ್ನುವುದನ್ನು ಎಲ್ಲರಿಗೂ ಮೊದಲೇ ಹೇಳಿರುತ್ತೇನೆ. "ಬಂದ್ರಾ, ಕೂತ್ಕೊಳ್ಳಿ" ಅಂದರೆ ಸಾಕು.

ಬಾಗಿಲು ತೆರೆದಿರುತ್ತದೆ ಅಂದರೆ ಹೇಗೆ ಬಂದರೂ ನಡೆಯುತ್ತದೆ ಅಂತ ಅಲ್ಲ. ಅಮಲಿನಲ್ಲಿ ಬಂದವರನ್ನು ಅವತ್ತು ಒಳಗೆ ಕೂರಿಸುವುದಿಲ್ಲ. ಪಕ್ಕದಲ್ಲಿರುವ ಇನ್ನೊಬ್ಬರು ಬಿಟ್ಟು ಹತ್ತು ದಿನವಷ್ಟೇ ಆಗಿರಬಹುದು, ಆ ವಾಸನೆಯೇ ಅವರಿಗೆ ಸಾಕು. ಹೊರಗೆ ಬೆಂಚಿನ ಮೇಲೆ ಒಬ್ಬರು ಜೊತೆಗೆ ಕೂರುತ್ತಾರೆ, ಮನೆಗೆ ಹೋಗಲು ವ್ಯವಸ್ಥೆ ಮಾಡುತ್ತಾರೆ, "ಮುಂದಿನ ವಾರ ಬನ್ನಿ" ಅನ್ನುತ್ತಾರೆ. ಈ ಕೊನೆಯ ಮಾತನ್ನು ಬಿಡುವ ಹಾಗಿಲ್ಲ.

ಇನ್ನು ಬರದೇ ಇದ್ದವರ ವಿಷಯ. ಸೇರುವ ದಿನವೇ ಎಲ್ಲರ ಹತ್ತಿರ ಒಂದು ಚೀಟಿ ಬರೆಸಿಕೊಳ್ಳುತ್ತೇವೆ: ನಾನು ಕಾಣಿಸದಿದ್ದರೆ ಯಾರಿಗೆ ಫೋನ್ ಮಾಡಬಹುದು, ಅವರಿಗೆ ಎಷ್ಟು ಹೇಳಬಹುದು. ಇದು ಬರೀ ಕಾಳಜಿಯ ಮಾತಲ್ಲ. ಹೆರಾಯಿನ್ ಥರದ ಓಪಿಯಾಯ್ಡ್‌ಗಳನ್ನು ಕೆಲವು ವಾರ ಬಿಟ್ಟವರ ದೇಹ ಹಳೆಯ ಪ್ರಮಾಣವನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಹಿಂದೆ ತಗೊಳ್ಳುತ್ತಿದ್ದಷ್ಟೇ ತಗೊಂಡರೂ ಉಸಿರು ನಿಲ್ಲಬಹುದು. ಅದಕ್ಕೇ ನಲೋಕ್ಸೋನ್ ಕೊಡುವುದು ಹೇಗೆ ಅಂತ ನಾನೂ ನಮ್ಮ ಕಲಾವಿದರೂ ಕಲಿತಿದ್ದೇವೆ. ಅದು ಓಪಿಯಾಯ್ಡ್ ಪರಿಣಾಮವನ್ನು ಸ್ವಲ್ಪ ಹೊತ್ತು ಹಿಂದಕ್ಕೆ ತಳ್ಳುತ್ತದೆ, ಅಷ್ಟರಲ್ಲಿ ಆಂಬುಲೆನ್ಸ್ ಬರಬೇಕು. ಕಲಾ ಶಿಬಿರಕ್ಕೆ ಇದೆಲ್ಲ ಯಾಕೆ ಅಂತ ಕೇಳಿದವರಿದ್ದಾರೆ. ಆ ಪ್ರಶ್ನೆಗೆ ನಾನು ಈಗ ಉತ್ತರ ಕೊಡುತ್ತಾ ಕೂರುವುದಿಲ್ಲ.

ಸಾಮಾನುಗಳ ವಿಷಯದಲ್ಲೂ ಪೆಟ್ಟು ತಿಂದೇ ಕಲಿತದ್ದು. ಮೊದಲ ವರ್ಷ ಕಪಾಟಿನಲ್ಲಿ ಥಿನ್ನರ್, ಟರ್ಪೆಂಟೈನ್, ವಾರ್ನಿಷ್, ರಬ್ಬರ್ ಅಂಟು ಎಲ್ಲ ಇತ್ತು. ಚಿತ್ರ ಕಲಾವಿದರಿಗೆ ಅವು ಸಾಮಾನು. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗನಿಗೆ ಅವೇ ಚಟ. ಅವನೇ ಬಂದು, "ಆ ಕಪಾಟು ಬೇರೆ ಕಡೆ ಇಡ್ತೀರಾ? ನನಗೆ ಅದು ಬಿಟ್ಟು ಇನ್ನೇನೂ ಕಾಣಿಸ್ತಿಲ್ಲ" ಅಂದ. ಬೇರೆ ಕಡೆ ಇಡಲಿಲ್ಲ, ಎಲ್ಲವನ್ನೂ ತೆಗೆದೇ ಹಾಕಿದೆವು. ಈಗ ನೀರಿನಲ್ಲಿ ಕರಗುವ ಬಣ್ಣ ಮಾತ್ರ. ಕೈ ತೊಳೆಯಲು ಸೋಪು, ನೀರು. ಸ್ಯಾನಿಟೈಸರ್ ಇಡುವುದಿಲ್ಲ, ಅದರಲ್ಲಿರುವುದು ಬಹುತೇಕ ಆಲ್ಕೋಹಾಲೇ. ಕುಡಿತ ಬಿಡಲು ಡೈಸಲ್ಫಿರಾಮ್ ಮಾತ್ರೆ ತಗೊಳ್ಳುವವರಿಗೆ ಸ್ವಲ್ಪ ಆಲ್ಕೋಹಾಲ್ ಸೋಕಿದರೂ ಮುಖ ಕೆಂಪಾಗುವುದು, ಎದೆ ಹೊಡೆದುಕೊಳ್ಳುವುದು, ವಾಂತಿ ಬರುವುದು ಆಗಬಹುದು. ಹಚ್ಚಿಕೊಳ್ಳುವ ವಸ್ತುಗಳಲ್ಲೂ ಎಚ್ಚರ ಅಂತ ವೈದ್ಯರು ಅದಕ್ಕೇ ಹೇಳುವುದು.

ಶುರುವಿನ ವಾರಗಳಲ್ಲಿ ತುಂಬಾ ಜನರ ಕೈ ನಡುಗುತ್ತದೆ. ಅಂಥವರ ಕೈಗೆ ಸಣ್ಣ ಬ್ರಷ್ ಕೊಟ್ಟು ಗೆರೆ ಎಳೆಯಿರಿ ಅನ್ನುವುದು ಅವರಿಗೆ ಅವಮಾನ ಮಾಡಿದಂತೆ. ನನ್ನ ಅನುಭವದಲ್ಲಿ ಜೇಡಿಮಣ್ಣಿಗೆ ಸಮ ಇನ್ನೊಂದಿಲ್ಲ. ನಡುಗುವ ಕೈಯನ್ನೂ ಅದು ತಡೆದುಕೊಳ್ಳುತ್ತದೆ, ಕೆಟ್ಟರೆ ಮುದ್ದೆ ಮಾಡಿ ಮತ್ತೆ ಶುರು ಮಾಡಬಹುದು, ಎರಡೂ ಕೈ ಕೊಳಕಾಗಿರುವುದರಿಂದ ಫೋನೂ ಹಿಡಿಯಲಾಗುವುದಿಲ್ಲ! ಮರದ ಅಚ್ಚು, ಕಾಗದ ಹರಿದು ಅಂಟಿಸುವುದು ಕೂಡ ಪರವಾಗಿಲ್ಲ. ಆದರೆ ಕುಡಿತ ನಿಲ್ಲಿಸಿ ಒಂದೆರಡು ದಿನವಾಗಿ, ಜೋರು ನಡುಕ, ಬೆವರು, ಇಲ್ಲದ್ದೆಲ್ಲ ಕಾಣಿಸುವುದು ಇದ್ದರೆ ಅವರ ಜಾಗ ನಮ್ಮ ಕೋಣೆಯಲ್ಲ, ಆಸ್ಪತ್ರೆ. ಆ ಹೊತ್ತಿನಲ್ಲಿ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ.

ಸಮಯವನ್ನೂ ಬದಲಿಸಬೇಕಾಯಿತು. ನನಗೆ ಅನುಕೂಲ ಅಂತ ಬೆಳಿಗ್ಗೆ 11ಕ್ಕೆ ಇಟ್ಟಿದ್ದೆ. ಬೆಳಿಗ್ಗೆ ಹೇಗೋ ಕಳೆಯುತ್ತದೆ, ಸಂಜೆ 6 ಆದಮೇಲೆ ಏನು ಮಾಡಬೇಕು ಅಂತ ತೋಚುವುದಿಲ್ಲ ಅಂತ ಕೂಟಕ್ಕೆ ಬರುವವರು ಹೇಳಿದರು. ಈಗ ಸಂಜೆಯೇ ಕೂಟ. ರಜೆಯ ದಿನವೂ ತಪ್ಪಿಸುವುದಿಲ್ಲ. ಇಬ್ಬರೇ ಬಂದರೂ ನಡೆಯುತ್ತದೆ.

ನಾಟಕವನ್ನು ನಾನು ಪೂರ್ತಿ ಬಿಡಲಿಲ್ಲ, ಬೇರೆ ರೂಪದಲ್ಲಿ ತಂದೆ. ಬ್ರೆಜಿಲ್‌ನ ಆಗಸ್ಟೋ ಬೋಆಲ್ 1970ರ ದಶಕದಲ್ಲಿ ಬೆಳೆಸಿದ ಫೋರಂ ಥಿಯೇಟರ್ ಅನ್ನುವ ಪದ್ಧತಿ ಇದೆ. ಚಿಕ್ಕದೊಂದು ದೃಶ್ಯ ಆಡುತ್ತಾರೆ, ಅದು ಕೆಟ್ಟದಾಗಿ ಮುಗಿಯುತ್ತದೆ. ಮತ್ತೆ ಆಡುವಾಗ ನೋಡುತ್ತಾ ಕೂತವರು ಯಾರು ಬೇಕಾದರೂ "ನಿಲ್ಲಿಸಿ" ಅಂತ ಎದ್ದು ಬಂದು, ಇಕ್ಕಟ್ಟಿನಲ್ಲಿರುವ ಪಾತ್ರವನ್ನು ತಾವು ಆಡಿ ದಾರಿ ಬದಲಿಸಬಹುದು. ನಮಗೆ ಹೇಳಿ ಮಾಡಿಸಿದಂತಿತ್ತು. ನಾವು ಆಡಿದ ದೃಶ್ಯ ತೀರಾ ಸರಳ. ಹಳೆಯ ಗೆಳೆಯ ಸಿಗುತ್ತಾನೆ, "ಒಂದೇ ಒಂದು, ನನ್ನ ಸಲುವಾಗಿ" ಅನ್ನುತ್ತಾನೆ. ಒಬ್ಬರು ಭಾಷಣ ಮಾಡಿ ನೋಡಿದರು, ಗೆಳೆಯ ನಕ್ಕ. ಒಬ್ಬರು ಹುಷಾರಿಲ್ಲ ಅಂತ ಸುಳ್ಳು ಹೇಳಿದರು, ಹಾಗಾದರೆ ನಾಳೆ ಅಂದ. ಇನ್ನೊಬ್ಬರು ಎದ್ದು ಬಂದು ಏನೂ ಮಾತಾಡದೆ ನಡೆದೇ ಬಿಟ್ಟರು. ಕೋಣೆ ನಿಶ್ಶಬ್ದ. "ಹೋಗಬಹುದಾ ಹಾಗೆ? ಕಾರಣ ಹೇಳದೆ?" ಅಂತ ಹಿಂದಿನಿಂದ ಯಾರೋ ಕೇಳಿದರು. ಅದರ ಮೇಲೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ನಾನು ಬರೆದ ಯಾವ ನಾಟಕದಲ್ಲೂ ಅಷ್ಟು ಒಳ್ಳೆಯ ಪ್ರಶ್ನೆ ಇರಲಿಲ್ಲ.

ಆದರೆ ಆ ಗೆಳೆಯನ ಪಾತ್ರವನ್ನು ಅದ್ಭುತವಾಗಿ ಆಡಿದವರಿಗೆ ಆ ರಾತ್ರಿ ನಿದ್ದೆ ಇಲ್ಲ. ಕರೆಯುವ ಮಾತುಗಳನ್ನೇ ಒಂದು ಗಂಟೆ ಬಾಯಲ್ಲಿ ಆಡಿದ್ದರಲ್ಲ. ಅವರು ಕೌನ್ಸೆಲರ್‌ಗೆ ಫೋನ್ ಮಾಡಿದ್ದರಿಂದ ಆ ರಾತ್ರಿ ಕಳೆಯಿತು. ನಾನು ಯೋಚಿಸದೇ ಇದ್ದದ್ದು ಇದು. ಅಂದಿನಿಂದ ಆ ಪಾತ್ರ ಹೊರಗಿನ ನಟರದ್ದು. ಬಾಟಲಿ, ಗ್ಲಾಸು, ಸಿರಿಂಜು ರಂಗದ ಮೇಲೆ ಬರುವುದಿಲ್ಲ, ಖಾಲಿ ಇದ್ದರೂ ಸರಿ. ನೋಡಿದರೆ, ಸದ್ದು ಕೇಳಿದರೆ ಸಾಕು, ಆಸೆ ಎದ್ದು ನಿಲ್ಲುತ್ತದೆ. ಆಡಿ ಮುಗಿದ ಮೇಲೆ ಪ್ರತಿಯೊಬ್ಬರೂ ಕೈಕಾಲು ಕೊಡವಿ, ತಮ್ಮ ಹೆಸರು ಹೇಳಿ, ಪಾತ್ರ ಕಳಚಿಟ್ಟೇ ಹೊರಗೆ ಹೋಗಬೇಕು. ಮೊದಮೊದಲು ನಗುತ್ತಿದ್ದರು. ಈಗ ನಾನು ಮರೆತರೆ ಅವರೇ ನೆನಪಿಸುತ್ತಾರೆ.

ಹೊರಗಿನಿಂದ ಬರುವ ಕಲಾವಿದರಿಗೆ ಒಂದು ಆಸೆ ಇರುತ್ತದೆ. "ನಿಮ್ಮ ನೋವನ್ನು ಚಿತ್ರದಲ್ಲಿ ಬಿಡಿಸಿ" ಅನ್ನುವುದು. ಕಪ್ಪು ಬಣ್ಣ, ಸಂಕೋಲೆ, ಒಡೆದ ಮುಖ. ನೋಡುವವರಿಗೂ ಅದೇ ಇಷ್ಟ. ಒಮ್ಮೆ ಒಬ್ಬ ಹೆಂಗಸು ಕುಂಚ ಕೆಳಗಿಟ್ಟು, "ನನ್ನ ಜೀವನದಲ್ಲಿ ಕುಡಿತ ಬಿಟ್ಟು ಇನ್ನೇನೂ ನಡೆದೇ ಇಲ್ವಾ ಮೇಡಂ?" ಅಂತ ಕೇಳಿದರು. ಅವರಿಗೆ ಸೈಕಲ್ ಬಿಡಿಸಬೇಕಿತ್ತು. ಬಿಡಿಸಿದರು, ಚಕ್ರ ಮೊಟ್ಟೆಯಾಕಾರಕ್ಕೆ ಬಂತು, ನಾವಿಬ್ಬರೂ ನಕ್ಕೆವು. ಈಗ ನಾವು ಕೊಡುವ ವಿಷಯಗಳು ಕಿಟಕಿ, ನೀರು, ಚಪ್ಪಲಿ ಇಂಥವು. ನೋವು ಬರಬೇಕಿದ್ದರೆ ಚಪ್ಪಲಿಯಲ್ಲೂ ಬರುತ್ತದೆ.

ಇಲ್ಲೊಂದು ಗೆರೆ ಇದೆ. 'ಆರ್ಟ್ ಥೆರಪಿ' ಅನ್ನುವ ಹೆಸರು 1942ರಲ್ಲಿ ಬ್ರಿಟನ್‌ನ ಚಿತ್ರಕಲಾವಿದ ಏಡ್ರಿಯನ್ ಹಿಲ್ ಅವರಿಂದ ಬಂತು. ಕ್ಷಯದ ಆಸ್ಪತ್ರೆಯಲ್ಲಿ ರೋಗಿಯಾಗಿ ಮಲಗಿದ್ದಾಗ ಚಿತ್ರ ಬಿಡಿಸಿ ಅದರ ಗುಣ ಕಂಡುಕೊಂಡವರು ಅವರು. ಇವತ್ತು ಅದು ಓದಿ ತರಬೇತಿ ಪಡೆದು ಮಾಡುವ ವೃತ್ತಿ. ನಾವು ಮಾಡುವುದು ಅದಲ್ಲ. ನಾವು ಕಲೆ ಹೇಳಿಕೊಡುವವರು, ಜೊತೆಗೆ ಕೂತು ಮಾಡುವವರು. ಯಾರಾದರೂ ಅತ್ತರೆ ನೀರು ಕೊಡಬೇಕು, ಪಕ್ಕದಲ್ಲಿರಬೇಕು, ಕೆದಕಿ ಕೇಳಬಾರದು. ಜೀವಕ್ಕೆ ಅಪಾಯ ಆಗುವಂಥ ಮಾತು ಬಂದರೆ ಗುಟ್ಟಾಗಿಡುತ್ತೇನೆ ಅಂತ ಮಾತು ಕೊಡಬಾರದು, ಕೌನ್ಸೆಲರ್‌ಗೆ ತಿಳಿಸಬೇಕು. ಹೊಸ ಕಲಾವಿದರಿಗೆ ಇಷ್ಟನ್ನು ಒಂದು ಮಧ್ಯಾಹ್ನ ಕೂತು ಹೇಳುತ್ತೇನೆ. ಅವರಿಗೂ ತಿಂಗಳಿಗೊಮ್ಮೆ ಮನಸ್ಸು ಹಗುರ ಮಾಡಿಕೊಳ್ಳಲು ಯಾರಾದರೂ ಬೇಕು. ಸಂಭಾವನೆ ಅಂತೂ ಬೇಕೇ ಬೇಕು. ಸೇವೆ ಅಂತ ಬಿಟ್ಟಿ ಬಂದವರು ನಾಲ್ಕನೇ ವಾರಕ್ಕೆ ಕಾಣೆಯಾಗುತ್ತಾರೆ, ನಮ್ಮ ಜನರಿಗಿಂತ ಬೇಗ.

ಪ್ರದರ್ಶನ ಮಾಡಬೇಕಾ ಬೇಡವಾ ಅನ್ನುವುದರಲ್ಲಿ ನನಗೆ ಇನ್ನೂ ಗೊಂದಲ. ಮೊದಲ ಸಲ ಆಮಂತ್ರಣದಲ್ಲಿ 'ವ್ಯಸನದಿಂದ ಹೊರಬಂದವರ ಕಲೆ' ಅಂತ ದೊಡ್ಡದಾಗಿ ಹಾಕಿಸಿ, ಕೆಳಗೆ ಎಲ್ಲರ ಹೆಸರು ಕೊಟ್ಟಿದ್ದೆ. ಒಬ್ಬರ ಕೆಲಸದ ಕಡೆ ಅದು ತಲುಪಿ, ಅವರು ಅಲ್ಲಿ ಎಷ್ಟೋ ದಿನ ತಲೆ ತಗ್ಗಿಸಿ ಓಡಾಡಬೇಕಾಯಿತು. 1935ರಲ್ಲಿ ಶುರುವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ತನ್ನ ಹೆಸರಿನಲ್ಲೇ 'ಅನಾಮಿಕರು' ಅಂತ ಯಾಕೆ ಇಟ್ಟುಕೊಂಡಿದೆ ಅಂತ ಯೋಚಿಸಿದ್ದರೂ ಸಾಕಿತ್ತು. ಈಗ ಒಪ್ಪಿಗೆಯನ್ನು ಮೂರು ಸಲ ಕೇಳುತ್ತೇನೆ: ಮಾಡಿ ಮುಗಿಸಿದಾಗ, ಪ್ರದರ್ಶನಕ್ಕೆ ಒಂದು ವಾರ ಇರುವಾಗ, ತೂಗುಹಾಕುವ ಬೆಳಿಗ್ಗೆ. ಮೂರನೇ ಸಲ ಬೇಡ ಅಂದವರಿದ್ದಾರೆ. ಆ ಜಾಗದಲ್ಲಿ ಮೊಳೆ ಹಾಗೇ ಇರುತ್ತದೆ. ಉದ್ಘಾಟನೆಗೆ ವೈನ್ ಇಡೋಣ ಅಂತ ಒಂದು ಗ್ಯಾಲರಿಯವರು ಕೇಳಿದ್ದರು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಹಣ ಕೊಡುವವರು ಪ್ರತಿ ವರ್ಷ ಕೇಳುವುದು ಒಂದೇ: "ಎಷ್ಟು ಜನ ಬಿಟ್ಟರು?" ಕಲೆ ಚಟ ಬಿಡಿಸುತ್ತದೆ ಅಂತ ನಾನು ಯಾರಿಗೂ ಬರೆದುಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3000ಕ್ಕೂ ಜಾಸ್ತಿ ಅಧ್ಯಯನಗಳನ್ನು ಒಟ್ಟು ಹಾಕಿ, ಆರೋಗ್ಯಕ್ಕೆ ಕಲೆಯಿಂದ ಒಳ್ಳೆಯದಾಗುತ್ತದೆ ಅಂತ ವರದಿ ಕೊಟ್ಟಿದೆ. ಅರ್ಜಿಯಲ್ಲಿ ಅದನ್ನು ಸೇರಿಸುತ್ತೇನೆ, ಸುಳ್ಳೇನಲ್ಲ. ಆದರೆ ನಾನು ನನಗಾಗಿ ಇಟ್ಟುಕೊಳ್ಳುವ ಲೆಕ್ಕ ಬೇರೆ. ಹಾಜರಿ ಪುಸ್ತಕದಲ್ಲಿ ತಪ್ಪಿಸಿ ಮರಳಿ ಬಂದವರ ಹೆಸರಿನ ಮುಂದೆ ಒಂದು ಚುಕ್ಕೆ ಇಡುತ್ತೇನೆ. ಕೆಲವರ ಹೆಸರಿನ ಮುಂದೆ ಆರೇಳು ಚುಕ್ಕೆ ಇವೆ.

ಆ ನಾಟಕದ ಮುಖ್ಯ ಪಾತ್ರದವರು, ಬಾಗಿಲಿನಿಂದ ಹಿಂದಿರುಗಿ ಹೋದವರು, ಈಗ ಮಣ್ಣಿನ ಕೂಟಕ್ಕೆ ಬರುತ್ತಾರೆ. ಸಂಜೆ ಬೇಗ ಬಂದು ಕೋಣೆ ತೆರೆಯುವ ಕೆಲಸ ಅವರದ್ದೇ. ಕೀಲಿಕೈ ಅವರ ಹತ್ತಿರ ಇರುತ್ತದೆ. "ಅವರು ಮತ್ತೆ ಜಾರಿದರೆ ಕೋಣೆ ತೆರೆಯುವವರು ಯಾರು?" ಅಂತ ಸಮಿತಿಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಇನ್ನೆರಡು ಕೀಲಿಕೈ ಮಾಡಿಸಿದೆ. ಅವರದ್ದು ಅವರ ಹತ್ತಿರವೇ ಇದೆ.