ಹೊಳೆಬದಿಯ ಮೆಕ್ಕಲು ಗದ್ದೆ: ಗುರುತಿಸುವುದು, ಹದ ನೋಡುವುದು, ಬಳಸುವುದು

ನೇತ್ರಾವತಿ, ಗುರುಪುರ, ಶಾಂಭವಿ, ಉದ್ಯಾವರ, ಸ್ವರ್ಣಾ, ಸೀತಾ ಹೊಳೆಗಳು ಮಳೆಗಾಲದಲ್ಲಿ ದಡ ಮೀರಿದಾಗ ಬಯಲಲ್ಲಿ ಬಿಟ್ಟುಹೋಗುವ ನುಣ್ಣನೆಯ ಮಣ್ಣು ಮೆಕ್ಕಲು. ಬೆಟ್ಟಿನ ಮುರಕಲ್ಲು (ಜಂಬಿಟ್ಟಿಗೆ) ಮಣ್ಣಿಗಿಂತ ಇದರಲ್ಲಿ ಸಾರ ಹೆಚ್ಚು, ನೀರು ಹಿಡಿಯುವ ಶಕ್ತಿಯೂ ಹೆಚ್ಚು. ಆದರೆ ಎರಡು ದಿನ ಮೊದಲು ಕೈಹಾಕಿದರೆ ಕೆಸರು, ನಾಲ್ಕು ದಿನ ತಡವಾದರೆ ಇಟ್ಟಿಗೆ. ಗೊಬ್ಬರದ ಲೆಕ್ಕಕ್ಕಿಂತ ಮೊದಲು ಇಲ್ಲಿ ನೋಡಬೇಕಾದದ್ದು ಹದ.

ಮೊದಲು ಮಣ್ಣು ಮೆಕ್ಕಲೇ ಹೌದೋ ಎಂದು ಖಾತ್ರಿ ಮಾಡಿಕೊಳ್ಳಿ. ಬೈಲು ಗದ್ದೆ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ನೆರೆನೀರಿನ ವೇಗ ದಡದಲ್ಲೇ ಒಮ್ಮೆಲೇ ತಗ್ಗುವುದರಿಂದ ಮರಳು ಅಲ್ಲೇ ಬೀಳುತ್ತದೆ. ಅದರಾಚೆ ನುಣ್ಣನೆಯ ಮೆಕ್ಕಲು, ಎಲ್ಲಕ್ಕಿಂತ ದೂರದ ತಗ್ಗಿನಲ್ಲಿ ಜೇಡಿ. ಒಂದೇ ಗದ್ದೆಯ ಎರಡು ತುದಿಯಲ್ಲಿ ಮಣ್ಣು ಬೇರೆ ಇರಬಹುದು. ಹಾಗಾಗಿ ಮೂರು ನಾಲ್ಕು ಕಡೆ ಹಾರೆಯಲ್ಲಿ ಒಂದಡಿ ಅಗೆದು ನೋಡಿ.

ಮೆಕ್ಕಲಿನ ಕಣ 0.002ರಿಂದ 0.05 ಮಿಲಿಮೀಟರ್. ಒಣಗಿದಾಗ ಬೆರಳಿಗೆ ಮೈದಾಹಿಟ್ಟಿನಂತೆ ಸಿಗುತ್ತದೆ, ಒದ್ದೆಯಾದಾಗ ಜಾರುತ್ತದೆ, ಆದರೆ ಜೇಡಿಯಂತೆ ಅಂಟುವುದಿಲ್ಲ. ಒಂದು ಚಮಚೆಯಷ್ಟು ಒದ್ದೆ ಮಣ್ಣನ್ನು ಅಂಗೈಯಲ್ಲಿ ಚಪ್ಪಟೆ ಮಾಡಿ, ಆ ಕೈಯನ್ನು ಇನ್ನೊಂದು ಕೈಯಿಂದ ನಾಲ್ಕೈದು ಸಲ ತಟ್ಟಿ. ಮೆಕ್ಕಲಾದರೆ ನೀರು ಮೇಲೆ ಬಂದು ಮಣ್ಣು ಹೊಳೆಯುತ್ತದೆ. ಬೆರಳಿನಿಂದ ಒತ್ತಿದೊಡನೆ ಹೊಳಪು ಒಳಗೆ ಹೋಗಿ ಮಂಕಾಗುತ್ತದೆ. ಜೇಡಿಯಲ್ಲಿ ಹೀಗಾಗುವುದಿಲ್ಲ.

ಪ್ರಮಾಣ ಬೇಕಿದ್ದರೆ ಬಾಟ್ಲಿ ಪರೀಕ್ಷೆ ಮಾಡಿ. ಒಂದು ಲೀಟರಿನ ನೇರ ಬದಿಯ ಗಾಜಿನ ಭರಣಿಯಲ್ಲಿ ಮೂರನೇ ಒಂದು ಭಾಗ ಜರಡಿ ಹಿಡಿದ ಮಣ್ಣು, ಒಂದು ಚಮಚ ಸೋಪಿನ ಪುಡಿ, ಉಳಿದದ್ದು ನೀರು. ಐದು ನಿಮಿಷ ಚೆನ್ನಾಗಿ ಕುಲುಕಿ ಅಲುಗಾಡದ ಕಡೆ ಇಡಿ. ಒಂದು ನಿಮಿಷಕ್ಕೆ ಕುಳಿತದ್ದು ಮರಳು, ಎರಡು ಗಂಟೆಗೆ ಅದರ ಮೇಲೆ ಕುಳಿತದ್ದು ಮೆಕ್ಕಲು, ಒಂದೆರಡು ದಿನ ಕಳೆದು ಕುಳಿತದ್ದು ಜೇಡಿ. ಪ್ರತಿ ಸಲವೂ ಗೆರೆ ಎಳೆದು ಸ್ಕೇಲಿನಲ್ಲಿ ಅಳೆಯಿರಿ. ಹತ್ತು ಸೆಂಟಿಮೀಟರಿನಲ್ಲಿ ನಡುವಿನ ಪದರ ಐದಕ್ಕಿಂತ ಹೆಚ್ಚಿದ್ದರೆ ಮುಂದಿನ ಮಾತೆಲ್ಲ ನಿಮ್ಮ ಗದ್ದೆಗೆ ಅನ್ವಯ.

ಈ ಮಣ್ಣಿನ ದೊಡ್ಡ ತೊಂದರೆ ಹೆಪ್ಪು. ಕಣಗಳನ್ನು ಒಟ್ಟಿಗೆ ಹಿಡಿಯುವಷ್ಟು ಜೇಡಿ ಇಲ್ಲ. ದಪ್ಪ ಹನಿಯ ಮಳೆ ಬಿದ್ದರೆ ಉಂಡೆಗಳು ಒಡೆದು, ನುಣ್ಣನೆಯ ಕಣಗಳು ರಂಧ್ರ ಮುಚ್ಚಿ, ಬಿಸಿಲಿಗೆ ಮೇಲೆ ತೆಳು ಚಕ್ಕೆ ಕಟ್ಟುತ್ತದೆ. ಮೊಳಕೆ ಅದರಡಿಯಲ್ಲೇ ಬಗ್ಗಿ ಸಾಯುತ್ತದೆ. ಬೀಜ ಸರಿಯಿಲ್ಲ ಎಂದು ಅಂಗಡಿಯವನಿಗೆ ಬೈಯುವ ಮೊದಲು ಚಕ್ಕೆ ಎಬ್ಬಿಸಿ ನೋಡಿ. ಟಿಲ್ಲರಿನಲ್ಲಿ ಮಣ್ಣನ್ನು ಹಿಟ್ಟಿನ ಹಾಗೆ ಪುಡಿ ಮಾಡುವುದೇ ಇದಕ್ಕೆ ಅರ್ಧ ಕಾರಣ. ಕಡಲೆಕಾಳಿನಷ್ಟು ಉಂಡೆ ಉಳಿಯಲಿ. ಬೀಜ ಎರಡು ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಬೇಡ, ಮೇಲೆ ತೆಳ್ಳಗೆ ಬೈಹುಲ್ಲು ಹರಡಿ, ನೀರನ್ನು ಸಣ್ಣ ತೂತಿನ ಝಾರಿಯಲ್ಲೇ ಕೊಡಿ. ಹೆಪ್ಪು ಕಟ್ಟಿಬಿಟ್ಟಿದ್ದರೆ ಲಘುವಾಗಿ ನೀರು ಚಿಮುಕಿಸಿ ಬೆರಳಿನಿಂದಲೋ ಚಿಕ್ಕ ರೇಕಿನಿಂದಲೋ ಕದಡಬೇಕು. ಮುಂದಿನ ವರ್ಷಗಳಿಗೆ ಮದ್ದು ಒಂದೇ: ಹಟ್ಟಿಗೊಬ್ಬರ, ಸೊಪ್ಪು. ಇದಕ್ಕೆಂದು ಮರಳು ತಂದು ಸುರಿಯುವುದು ಹಣ ಹಾಳು.

ಉಳುಮೆಗೆ ಹದ ನೋಡುವ ಕ್ರಮ ಹೀಗೆ. ಮೇಲಿನ ಮಣ್ಣು ಮೋಸ ಮಾಡುತ್ತದೆ. ಮೆಕ್ಕಲು ಕೆಳಗಿನ ನೀರನ್ನು ಮೇಲಕ್ಕೆಳೆದುಕೊಳ್ಳುವುದರಲ್ಲಿ ಗಟ್ಟಿಗ. ಮೇಲೆ ಬಿಳಿಚಿದ್ದರೂ ಒಳಗೆ ಒದ್ದೆಯೇ. ಹಾಗಾಗಿ 10ರಿಂದ 15 ಸೆಂಟಿಮೀಟರ್ ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡಿ. ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಪುಡಿಪುಡಿಯಾಗಿ ಒಡೆದರೆ ಹೂಡಬಹುದು. ಬೆರಳಿನ ಗುಳಿ ಮಾತ್ರ ಮೂಡಿದರೆ ಕಾಯಿರಿ. ಉಂಡೆಯೇ ಕಟ್ಟದಿದ್ದರೆ ತಡವಾಗಿದೆ. ನೀರು ಬಿಟ್ಟು ಮತ್ತೆ ಹದ ಬರಲು ಬಿಡಬೇಕು. ಒದ್ದೆಯಲ್ಲಿ ಟಿಲ್ಲರ್ ಇಳಿಸಿದರೆ ಅಡಿಯಲ್ಲಿ ಗಟ್ಟಿ ಪದರ ಬೀಳುತ್ತದೆ. ಕಬ್ಬಿಣದ ಸರಳು ಚುಚ್ಚಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅದೇ ಪದರ. ಭತ್ತಕ್ಕೆ ಅದು ನೀರು ನಿಲ್ಲಿಸುತ್ತದೆ, ಒಳ್ಳೆಯದೇ. ಅದೇ ಗದ್ದೆಯಲ್ಲಿ ಮುಂದೆ ತರಕಾರಿ ಹಾಕುವವರಿಗೆ ಬೇರು ಇಳಿಯದ ತಾಪತ್ರಯ.

ಏಣೆಲು, ಅಂದರೆ ಮಳೆಗಾಲದ ಭತ್ತದ ನಾಟಿಗೆ ಇನ್ನೊಂದು ಎಚ್ಚರ ಬೇಕು. ಕೆಸರು ಮಾಡಿದ ಮೇಲೆ ಜೇಡಿ ಗದ್ದೆಯಲ್ಲಿ ಎರಡು ಮೂರು ದಿನ ಬಿಟ್ಟು ನಾಟಿ ಯಂತ್ರ ಇಳಿಸುತ್ತಾರೆ. ಮೆಕ್ಕಲು ಬೇಗ ತಳ ಹಿಡಿಯುವುದರಿಂದ ಇಲ್ಲಿ ಒಂದು ದಿನ ಸಾಕು. ಮೂರು ದಿನ ಬಿಟ್ಟರೆ ಮಣ್ಣು ಗಟ್ಟಿಯಾಗಿ ನೇಜಿ (ಭತ್ತದ ಸಸಿ) ನಿಲ್ಲದೆ ತೇಲುತ್ತದೆ. ಯಂತ್ರಕ್ಕೆಂದು ಚಾಪೆಯಂತೆ ಬೆಳೆಸುವ ಚಾಪೆ ನೇಜಿಗೂ ಬರೀ ಮೆಕ್ಕಲು ಆಗದು. ನಾಲ್ಕು ಪಾಲು ಜರಡಿ ಮಣ್ಣಿಗೆ ಒಂದು ಪಾಲು ಹುಡಿಯಾದ ಹಟ್ಟಿಗೊಬ್ಬರ ಬೆರೆಸಿ, ಎರಡು ಸೆಂಟಿಮೀಟರ್ ದಪ್ಪಕ್ಕೆ ಹರಡಿ. ಗೊಬ್ಬರ ಕಡಿಮೆಯಾದರೆ ಚಾಪೆ ಗಟ್ಟಿಯಾಗಿ, ಎತ್ತುವಾಗ ತುಂಡಾಗುತ್ತದೆ. ನೆರೆ ನಿಲ್ಲುವ ತಗ್ಗಿಗೆ ಬ್ರಹ್ಮಾವರ ಸಂಶೋಧನಾ ಕೇಂದ್ರದ ಸಹ್ಯಾದ್ರಿ ಪಂಚಮುಖಿ ಎಂಬ ಕೆಂಪಕ್ಕಿ ತಳಿ ಇದೆ. ಎಂ.ಓ.4 ಒಳ್ಳೆಯ ತಳಿಯಾದರೂ ದಿನಗಟ್ಟಲೆ ಮುಳುಗುವ ಜಾಗ ಅದಕ್ಕಲ್ಲ.

ನಮ್ಮ ಕರಾವಳಿಯ ಮೆಕ್ಕಲು ಹುಳಿ. ವರ್ಷಕ್ಕೆ 3500 ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಮಳೆ ಸುಣ್ಣದಂಶವನ್ನೂ ಪೊಟ್ಯಾಷನ್ನೂ ತೊಳೆದುಬಿಡುತ್ತದೆ. ನಿಂತ ನೀರಿನ ಮೇಲೆ ಎಣ್ಣೆಯಂತೆ ಕಾಣುವ ಕಿತ್ತಳೆ ಪೊರೆ, ಹಳೆ ಎಲೆಗಳ ಮೇಲೆ ಕಂದು ಚುಕ್ಕೆ ಕಂಡರೆ ಕಬ್ಬಿಣದ ನಂಜು. ಯೂರಿಯಾ ಎರಚಿದರೆ ಇದು ಹೋಗದು. ನೀರು ಬಸಿದು ನಾಲ್ಕೈದು ದಿನ ಗಾಳಿಯಾಡಲು ಬಿಟ್ಟು, ಪೊಟ್ಯಾಷ್ ಕೊಡಬೇಕು. ಮುಂಚಿತವಾಗಿಯೇ ಆಗುವ ಕೆಲಸವೆಂದರೆ ಸುಣ್ಣ. ಸಾಮಾನ್ಯವಾಗಿ ಎಕರೆಗೆ 200 ಕಿಲೋ, ನಾಟಿಗೆ ಎರಡು ಮೂರು ವಾರ ಮೊದಲು. ಸರಿಯಾದ ಪ್ರಮಾಣಕ್ಕೆ ಮಣ್ಣು ಪರೀಕ್ಷೆ ಮಾಡಿಸಿ: ಎಂಟು ಹತ್ತು ಕಡೆ 15 ಸೆಂಟಿಮೀಟರ್ ಆಳದಿಂದ ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿದ ಅರ್ಧ ಕಿಲೋ ಸಾಕು. ಸುಣ್ಣದ ಜೊತೆಗೇ ಯೂರಿಯಾ ಹಾಕಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ.

ನೆರೆ ಇಳಿದ ಮೇಲೆ ಹೊಸ ಹೂಳು ಎಷ್ಟು ದಪ್ಪ ಎಂದು ಅಳೆಯಿರಿ. ಎರಡು ಇಂಚಿನೊಳಗಾದರೆ ಮಾಮೂಲು ಉಳುಮೆಯಲ್ಲೇ ಬೆರೆತುಹೋಗುತ್ತದೆ. ಎಂಟು ಇಂಚಿನವರೆಗೆ ಆಳ ಉಳುಮೆ ಮಾಡಿ ಹಳೆ ಮಣ್ಣಿನೊಡನೆ ಸೇರಿಸಬೇಕು. ಇಲ್ಲದಿದ್ದರೆ ಎರಡು ಪದರಗಳ ನಡುವೆ ನೀರು ಕಟ್ಟುತ್ತದೆ. ಅದಕ್ಕೂ ಮೀರಿ ಬಿದ್ದದ್ದು ಮರಳಾದರೆ ತೆಗೆಸುವುದೇ ಸರಿ, ಸಾಗಿಸುವ ಮೊದಲು ಅನುಮತಿಯ ವಿಷಯ ಪಂಚಾಯತಿನಲ್ಲಿ ಕೇಳಿಕೊಳ್ಳಿ. ಪೈರು ಬದುಕಿದ್ದರೆ ಎಲೆಗೆ ಮೆತ್ತಿದ ಕೆಸರನ್ನು ತಿಳಿನೀರಲ್ಲಿ ತೊಳೆದು, ಹೊಸ ಎಲೆ ಬಂದ ಮೇಲೆ ಮಾತ್ರ ಮೇಲುಗೊಬ್ಬರ.

ಭತ್ತದ ನಂತರ ಉಳಿದ ತೇವದಲ್ಲೇ ಉದ್ದು, ಹೆಸರು, ಅಲಸಂಡೆ ಬರುತ್ತವೆ. ಉದ್ದಿಗೆ ಎಕರೆಗೆ ಎಂಟು ಹತ್ತು ಕಿಲೋ ಬೀಜ ಬೇಕು, ಕೊಯ್ಲಾದ ವಾರದೊಳಗೆ ಬಿತ್ತಬೇಕು. ಸೌತೆ, ಬೆಂಡೆ, ಹರಿವೆಗೆ ಒಂದಡಿ ಎತ್ತರದ ಸಾಲು ಮಾಡಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ, ಉಡುಪಿ ಬಳಿಯ ಮಟ್ಟು ಊರಿನ ಬದನೆ ಮಟ್ಟುಗುಳ್ಳವೂ ಇಂಥ ಹೊಳೆಬದಿಯ ಬೆಳೆಯೇ, ಆದರೆ ಮಟ್ಟುವಿನ ಮಣ್ಣಿನ ಉಪ್ಪು ನೀರಿನ ಹದ ಬೇರೆ ಕಡೆ ಸಿಗುವುದಿಲ್ಲ. ಕಡಲಿಗೆ ಹತ್ತಿರವಿರುವವರು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವವರೆಗೂ, ಬೇಸಿಗೆಯಲ್ಲೂ, ಹೊಳೆನೀರಿನ ಉಪ್ಪು ಪರೀಕ್ಷಿಸದೆ ಪಂಪ್ ಹಚ್ಚಬೇಡಿ. ಉಪ್ಪಿಗೆ ಬೀನ್ಸ್ ಮೊದಲು ಸೋಲುತ್ತದೆ.

ಅಡಿಕೆ ಹಾಕುವುದಾದರೆ ಎರಡು ಸಾಲಿಗೊಂದು ಎರಡೂವರೆ ಅಡಿ ಆಳದ ಕಣಿ (ನೀರು ಬಸಿಯುವ ಕಾಲುವೆ) ಬೇಕು. ಮೆಕ್ಕಲಿನಲ್ಲಿ ನೇರ ಗೋಡೆಯ ಕಣಿ ಮೊದಲ ಮಳೆಗೇ ಕುಸಿಯುವುದರಿಂದ ಬದಿಗಳನ್ನು ಓರೆಯಾಗಿ ಕಡಿದು ಹುಲ್ಲು ಹಿಡಿಸಿ.

ಬೇಸಾಯದ ಹೊರಗೆ ಇದರ ಉಪಯೋಗ ಸೀಮಿತ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಈ ಹೊಳೆಗಳ ದಡದ ಮಣ್ಣನ್ನು ನಂಬಿ. ಆದರೆ ಹಂಚಿಗೆ ಬೇಕಾದದ್ದು ಆವೆ ಮಣ್ಣು (ಜೇಡಿ), ಬರೀ ಮೆಕ್ಕಲು ಬೇಯುವಾಗ ಬಿರಿಯುತ್ತದೆ. ಮನೆಯ ಪಂಚಾಂಗ (ಅಡಿಪಾಯ) ತುಂಬಿಸಲು ಇದನ್ನು ಬಳಸಲೇಬಾರದು. ನೀರು ಕುಡಿದು ಕುಸಿದು ನೆಲ ಬಿರುಕು ಬಿಡುತ್ತದೆ, ಅದಕ್ಕೆ ಮುರಕಲ್ಲಿನ ಚೂರು ಮಣ್ಣೇ ಸರಿ. ತಾರಸಿಯ ಕುಂಡಗಳಿಗಾದರೆ ಒಂದು ಪಾಲು ಮೆಕ್ಕಲು, ಒಂದು ಪಾಲು ಹಟ್ಟಿಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಹುಡಿ ಅಥವಾ ಹೊಳೆಮರಳು. ಸಮುದ್ರದ ಮರಳು ಬೇಡ.